ವಾಯಿದೆ ತಪ್ಪಿದ ಕಾಲ: ಸೊಲ್ಲಾಪುರ–ಅಕ್ಕಲಕೋಟೆಯ ವ್ಯಾಪಾರ ನಿರೀಕ್ಷೆ ಮತ್ತು ಮೂರು ಸಾಂಕ್ರಾಮಿಕಗಳು

2020ರ ಮಾರ್ಚ್ 25 ಚೈತ್ರ ಶುದ್ಧ ಪ್ರತಿಪದೆ. ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಅಂದು ಯುಗಾದಿ, ಮರಾಠಿ ಮನೆಗಳಲ್ಲಿ ಗುಢಿ ಪಾಡವಾ, ತೆಲುಗು ಮನೆಗಳಲ್ಲಿ ಉಗಾದಿ. ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೂ ಅದೇ ಆಗಿತ್ತು. ಮರುದಿನ ಬಿದಿಗೆಯಂದು ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಪ್ರಕಟದಿನ. ಆ ಊರಿನ ಅಂಗಡಿಕಾರರು ವರ್ಷವಿಡೀ ಲೆಕ್ಕ ಹಾಕಿಕೊಂಡು ಕಾಯುವ ಕೆಲವೇ ದಿನಗಳಲ್ಲಿ ಅದೂ ಒಂದು. ಆ ವರ್ಷ ವಟವೃಕ್ಷ ಮಂದಿರದ ಬಾಗಿಲು ಭಕ್ತರಿಗೆ ತೆರೆಯಲಿಲ್ಲ. ಸುಮಾರು ಎಂಟು ತಿಂಗಳ ಬಳಿಕ, ನವೆಂಬರ್ 16ರಂದು, ಮಹಾರಾಷ್ಟ್ರ ಸರ್ಕಾರ ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ನೀಡಿತು. ಅದು ದೀಪಾವಳಿಯ ಬಲಿಪಾಡ್ಯಮಿ. ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿದ ಬಾಗಿಲುಗಳು 2021ರ ಅಕ್ಟೋಬರ್ 7ರಂದು ತೆರೆದವು. ಅದು ನವರಾತ್ರಿಯ ಘಟಸ್ಥಾಪನೆ, ಅಂದರೆ ಆಶ್ವಯುಜ ಶುದ್ಧ ಪ್ರತಿಪದೆ.

ಮೂರೂ ದಿನಗಳು ಪಾಡ್ಯಗಳೇ. ಮೊದಲನೆಯದು ಆಕಸ್ಮಿಕ. ಉಳಿದೆರಡು ಹಾಗಲ್ಲ, ಜನರ ನಿರೀಕ್ಷೆ ಪಂಚಾಂಗದ ಯಾವ ತಿಥಿಗೆ ಕಟ್ಟಿಕೊಂಡಿದೆಯೋ ಆ ತಿಥಿಯಲ್ಲಿಯೇ ಅದನ್ನು ಮರಳಿ ಎಬ್ಬಿಸಬೇಕೆಂಬುದು ಆಡಳಿತಕ್ಕೂ ತಿಳಿದಿತ್ತು. ಸಾಂಕ್ರಾಮಿಕ ಮತ್ತು ವ್ಯಾಪಾರದ ಸಂಬಂಧವನ್ನು ಸಾಮಾನ್ಯವಾಗಿ ನಷ್ಟದ ಅಂಕಿಗಳಲ್ಲಿ ಹೇಳುವುದು ವಾಡಿಕೆ. ಆದರೆ ನಷ್ಟವು ಆಗಿಹೋದದ್ದರ ಲೆಕ್ಕ. ವ್ಯಾಪಾರ ನಡೆಯುವುದು ಇನ್ನೂ ಆಗದ ದಿನವೊಂದರ ಮೇಲಿನ ಭರವಸೆಯಿಂದ. ಆ ದಿನವೇ ಅಳಿಸಿಹೋದಾಗ ಪೇಟೆಯಲ್ಲಿ ಏನಾಗುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳ ಇತಿಹಾಸ ಮೂರು ಬಾರಿ ಉತ್ತರ ಕೊಟ್ಟಿದೆ: 1890ರ ದಶಕದ ಪ್ಲೇಗಿನಲ್ಲಿ, 1918ರ ಇನ್‌ಫ್ಲುಯೆಂಜಾದಲ್ಲಿ, 2020ರ ಕೋವಿಡ್‌ನಲ್ಲಿ.

ಒಂದು ಪದ, ಎರಡು ಅರ್ಥ

ಈ ಗಡಿನಾಡಿನ ಪೇಟೆಯಲ್ಲಿ ಕನ್ನಡಿಗನೂ ಮರಾಠಿಗನೂ ಸಮಾನವಾಗಿ ಬಳಸುವ ಪದವೊಂದಿದೆ: ಕನ್ನಡದಲ್ಲಿ ವಾಯಿದೆ, ಮರಾಠಿಯಲ್ಲಿ ವಾಯದಾ. ಅರಬ್ಬಿ ಮೂಲದ ಈ ಪದಕ್ಕೆ ಮಾತು ಕೊಡುವುದು ಎಂಬುದು ಮೊದಲ ಅರ್ಥ. ವ್ಯವಹಾರದಲ್ಲಿ ಅದು ಹಣ ತೀರಿಸಬೇಕಾದ ಗಡುವಾಯಿತು. ಮುಂದಿನ ಬೆಲೆಯ ಮೇಲೆ ಇಂದೇ ಮಾಡುವ ಒಪ್ಪಂದಕ್ಕೆ ವಾಯಿದೆ ವ್ಯಾಪಾರ ಎಂಬ ಹೆಸರು ಬಂತು. ಕೊಟ್ಟ ಮಾತು ಮತ್ತು ಬರಲಿರುವ ತಾರೀಖು ಒಂದೇ ಪದದಲ್ಲಿ ಕೂಡಿಕೊಂಡಿರುವುದು ಅರ್ಥಪೂರ್ಣ. ಉದ್ರಿ ಕೊಡುವ ಅಡತಿಯವನು ನಂಬುವುದು ಮನುಷ್ಯನನ್ನು ಮಾತ್ರವಲ್ಲ, ಅವನ ಕೈಗೆ ಹಣ ಬರುವ ದಿನವನ್ನು. ತೊಗರಿ ಕೊಯ್ಲು, ಸಿದ್ಧರಾಮೇಶ್ವರರ ಜಾತ್ರೆ, ಮದುವೆಯ ಹಂಗಾಮು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಇವೆಲ್ಲ ಅಂಥ ದಿನಗಳು.

ಅರ್ಥಶಾಸ್ತ್ರ ಈ ವಿಷಯವನ್ನು ಬೇರೆ ದಾರಿಯಿಂದ ತಲುಪಿತು. 1921ರಲ್ಲಿ ಎರಡು ಗ್ರಂಥಗಳು ಪ್ರಕಟವಾದವು: ಅಮೆರಿಕದ ಫ್ರಾಂಕ್ ನೈಟ್ ಅವರ ‘ರಿಸ್ಕ್, ಅನ್‌ಸರ್ಟನ್ಟಿ ಆ್ಯಂಡ್ ಪ್ರಾಫಿಟ್’ ಮತ್ತು ಇಂಗ್ಲೆಂಡಿನ ಜಾನ್ ಮೇನಾರ್ಡ್ ಕೇನ್ಸ್ ಅವರ ‘ಎ ಟ್ರೀಟೈಸ್ ಆನ್ ಪ್ರಾಬಬಿಲಿಟಿ’. ಇವು ಸಾಂಕ್ರಾಮಿಕವನ್ನು ಕುರಿತ ಕೃತಿಗಳಲ್ಲ. ಆದರೂ ಅವುಗಳಲ್ಲಿ ಬೆಳೆದ ವಿವೇಚನೆ ಇಲ್ಲಿ ನೆರವಾಗುತ್ತದೆ. ನೈಟ್ ಅವರ ಪ್ರಕಾರ ಲೆಕ್ಕಕ್ಕೆ ಸಿಗುವ ಅಪಾಯ ಬೇರೆ, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಬೇರೆ. ಹತ್ತು ವರ್ಷಗಳಲ್ಲಿ ಮೂರು ಬಾರಿ ಮಳೆ ಕೈಕೊಡುತ್ತದೆ ಎಂದು ಬಲ್ಲ ರೈತನು ಎದುರಿಸುವುದು ಅಪಾಯವನ್ನು. ಅದಕ್ಕೆ ಅವನು ಕಾಳನ್ನು ಹಗೇವಿನಲ್ಲಿ ಉಳಿಸಿಕೊಂಡು ಸಿದ್ಧನಾಗಬಲ್ಲ. ಜಾತ್ರೆ ನಡೆಯುತ್ತದೆಯೋ ಇಲ್ಲವೋ ಎಂದು ಹಿಂದೆಂದೂ ಕೇಳಿಕೊಳ್ಳದ ಬತ್ತಾಸು ವ್ಯಾಪಾರಿಗೆ ಜಾತ್ರೆಯೇ ನಿಂತರೆ, ಅದು ಅನಿಶ್ಚಿತತೆ. ಅದಕ್ಕೆ ಹಗೇವು ಇಲ್ಲ.

ಪ್ಲೇಗು: ಕೂಲಿಯ ವಾಯಿದೆ

ಸೊಲ್ಲಾಪುರದ ಆಧುನಿಕ ವ್ಯಾಪಾರ ಬೆಳೆದದ್ದು ರೈಲು ಮತ್ತು ಗಿರಣಿಗಳಿಂದ. 1860ರಲ್ಲಿ ಮುಂಬಯಿಯಿಂದ ರೈಲುಮಾರ್ಗ ಇಲ್ಲಿಗೆ ಬಂತು. 1877ರಲ್ಲಿ, ದಖ್ಖನಿನ ಭೀಕರ ಬರದ ನಡುವೆಯೇ, ಮುಂಬಯಿಯ ಉದ್ಯಮಿ ಮೊರಾರ್ಜಿ ಗೋಕುಲದಾಸ್ ಅವರ ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಗಿರಣಿ ಕೆಲಸ ಆರಂಭಿಸಿತು. ಊರವರ ಬಾಯಲ್ಲಿ ಅದು ‘ಜುನಿ ಮಿಲ್’, ಹಳೆಯ ಗಿರಣಿ. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು, ಸುತ್ತಲಿನ ಕನ್ನಡ ಮತ್ತು ಮರಾಠಿ ಹಳ್ಳಿಗಳಿಂದ ಬಂದ ಕೂಲಿಗಳು, ಲಿಂಗಾಯತ ಮತ್ತು ಮಾರವಾಡಿ ವರ್ತಕರು ಒಂದೇ ಪೇಟೆಯಲ್ಲಿ ಕೂಡಿದರು. 1901ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ 75 ಸಾವಿರದಷ್ಟಿತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರ ಫೆಬ್ರವರಿಯಲ್ಲಿ ಕೇವಲ ನಾಲ್ಕು ಕಲಮುಗಳ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ರೋಗವು ರೈಲುಮಾರ್ಗದ ಪಟ್ಟಣಗಳಿಗೆ ಹರಡುತ್ತಾ ಸೊಲ್ಲಾಪುರವನ್ನೂ ಮುಟ್ಟಿತು. 1898ರಲ್ಲಿ ಹುಬ್ಬಳ್ಳಿಯನ್ನು ನಡುಗಿಸಿತು. ಇಲಿ ಬಿದ್ದ ಕೂಡಲೇ ಮನೆ ತೊರೆದು ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುವುದು ಈ ಭಾಗದ ಊರೂರುಗಳ ರೂಢಿಯಾಯಿತು. ಊರೇ ಹೊಲಕ್ಕೆ ಹೋದಾಗ ಪೇಟೆಯ ಬೀಗ ತೆಗೆಯುವವರು ಯಾರು?

ಮುಂಬಯಿಯ ಗಿರಣಿಗಳಲ್ಲಿ ಆಗ ನಡೆದದ್ದು ಈ ಚರಿತ್ರೆಗೆ ಮುಖ್ಯ. ಅಲ್ಲಿ ಕೂಲಿಯನ್ನು ತಿಂಗಳ ಲೆಕ್ಕದಲ್ಲಿ, ಅದೂ ತಡವಾಗಿ, ಕೊಡುವ ಪದ್ಧತಿ ಇತ್ತು. ಬಾಕಿ ಇದ್ದಷ್ಟು ಕಾಲ ಕೂಲಿಕಾರ ಬಿಟ್ಟುಹೋಗಲಾರ ಎಂಬುದು ಮಾಲೀಕರ ಲೆಕ್ಕ. ಬೇರೆ ಮಾತಿನಲ್ಲಿ ಹೇಳುವುದಾದರೆ, ಪ್ರತಿ ತಿಂಗಳೂ ಕೂಲಿಕಾರನೇ ಮಾಲೀಕನಿಗೆ ವಾಯಿದೆ ಕೊಡುತ್ತಿದ್ದ, ಸಾಲಿಗ ಬಂಡವಾಳಗಾರನಾಗಿದ್ದ. ಪ್ಲೇಗು ಈ ವ್ಯವಸ್ಥೆಯನ್ನು ಕೆಲಕಾಲ ತಲೆಕೆಳಗು ಮಾಡಿತು. ನಾಳೆ ಬದುಕಿರುವುದೇ ಖಚಿತವಿಲ್ಲದಾಗ ಮುಂದಿನ ತಿಂಗಳ ಕೂಲಿಗೆ ಯಾರೂ ಕಾಯಲಿಲ್ಲ. ಊರಲ್ಲಿ ಉಳಿದ ಕೆಲಸಗಾರರು ದಿನಗೂಲಿ ಬೇಡಿದರು. ಗಿರಣಿಗಳ ಜನ ಬೀದಿ ತಿರುವುಗಳಲ್ಲಿ ನಿಂತು ಒಬ್ಬರಿಗಿಂತ ಒಬ್ಬರು ಹೆಚ್ಚು ಕೂಲಿ ಕೂಗಿದರು. ಇತಿಹಾಸಕಾರ ಆದಿತ್ಯ ಸರ್ಕಾರ್ ಈ ಘಟ್ಟವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅನಿಶ್ಚಿತತೆಯು ಬಡವನ ಕೈಗೆ ಚೌಕಾಸಿಯ ಬಲ ಕೊಟ್ಟ ಅಪರೂಪದ ಕ್ಷಣ ಅದು. ಭಯ ಇಳಿದ ಮೇಲೆ ತಿಂಗಳ ಬಾಕಿಯ ಪದ್ಧತಿ ಮರಳಿತು.

ಸೊಲ್ಲಾಪುರದ ಕಡೆ ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಪ್ಲೇಗಿನ ಜೊತೆಗೆ 1896–97ರ ಬರ, ಅದರ ಬೆನ್ನಿಗೇ 1899–1900ರ ಬರ ಜಿಲ್ಲೆಯನ್ನು ಹಿಂಡಿದ್ದ ಆ ಕೆಲವು ವರ್ಷಗಳಲ್ಲಿಯೇ ಲಕ್ಷ್ಮಿ ಮತ್ತು ನರಸಿಂಗ ಗಿರಜಿ ಗಿರಣಿಗಳು ತಲೆಯೆತ್ತಿದವು. ಹಳ್ಳಿ ಬರಿದಾದಷ್ಟೂ ಗಿರಣಿಯ ಬಾಗಿಲಿಗೆ ಅಗ್ಗದ ಕೈಗಳು ಬಂದವು. ಕೂಲಿಕಾರನ ವಾಯಿದೆ ಒಂದು ದಿನಕ್ಕೆ ಕುಗ್ಗಿದ್ದ ಕಾಲದಲ್ಲಿ ಬಂಡವಾಳದ ವಾಯಿದೆ ಇಪ್ಪತ್ತು ವರ್ಷ ಮುಂದಿನದನ್ನು ಕಾಣುತ್ತಿತ್ತು. ಒಂದೇ ರೋಗ, ಒಂದೇ ಊರು. ಆದರೆ ಭವಿಷ್ಯದ ಅಳತೆ ಎರಡು.

1918: ಲಾಭದ ವರ್ಷ, ಸಾವಿನ ವರ್ಷ

1918ರ ಜೂನಿನಲ್ಲಿ ಇನ್‌ಫ್ಲುಯೆಂಜಾ ಮುಂಬಯಿಗೆ ಬಂತು. ಸೆಪ್ಟೆಂಬರ್–ಅಕ್ಟೋಬರಿನ ಎರಡನೆಯ ಅಲೆ ಮುಂಬಯಿ ಪ್ರಾಂತ್ಯವನ್ನು ತೀವ್ರವಾಗಿ ಬಡಿಯಿತು. ದೇಶದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಸುಮಾರು 1.2 ಕೋಟಿಯಿಂದ 1.8 ಕೋಟಿಯವರೆಗೆ ಅಂದಾಜಿಸಿದ್ದಾರೆ. ಇಂದಿನ ಭಾರತದ ಗಡಿಗಳೊಳಗಿನ ಜನಸಂಖ್ಯೆ ಯಾವುದಾದರೂ ಜನಗಣತಿಯ ದಶಕದಲ್ಲಿ ಇಳಿದಿದ್ದರೆ ಅದು 1911–21ರಲ್ಲಿ ಮಾತ್ರ: 25.21 ಕೋಟಿಯಿಂದ 25.13 ಕೋಟಿಗೆ. ಸತ್ತವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು. ಅದೇ ವರ್ಷ ಮುಂಗಾರು ಕೂಡ ಕೈಕೊಟ್ಟಿತು.

ಆದರೂ ಗಿರಣಿಗಳ ಲೆಕ್ಕಪುಸ್ತಕದಲ್ಲಿ 1918 ಕೆಟ್ಟ ವರ್ಷವಲ್ಲ. ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಬಟ್ಟೆ ಬರುವುದು ತಗ್ಗಿತ್ತು; ಬಟ್ಟೆಯ ಬೆಲೆ ಏರಿತ್ತು; ಯುದ್ಧದ ಕೊನೆ ಮತ್ತು ನಂತರದ ಕೆಲವು ವರ್ಷಗಳು ಪಶ್ಚಿಮ ಭಾರತದ ಗಿರಣಿಗಳಿಗೆ ಅಸಾಧಾರಣ ಲಾಭದ ಕಾಲ. ವ್ಯಾಪಾರ ನಿರೀಕ್ಷೆಯ ಸೂಚ್ಯಂಕವೊಂದು ಆಗ ಇದ್ದಿದ್ದರೆ ಅದು ಮೇಲ್ಮುಖವಾಗಿಯೇ ಇರುತ್ತಿತ್ತು. ಮನೆಯಲ್ಲಿ ಸಾವು, ಪೇಟೆಯಲ್ಲಿ ದುಬಾರಿ, ಗಿರಣಿಯಲ್ಲಿ ಲಾಭ ಎಂಬ ಈ ಅಸಂಗತಿ ಬಹುಕಾಲ ಸುಮ್ಮನಿರಲಿಲ್ಲ. 1920ರ ಆರಂಭದಲ್ಲಿ ಸೊಲ್ಲಾಪುರದ ಗಿರಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಅದಕ್ಕೆ ರೋಗವೊಂದೇ ಕಾರಣವೆನ್ನಲಾಗದು. ಬೆಲೆ ಏರಿಕೆ ಮುಖ್ಯ ಕಾರಣ. ಆದರೆ ದುಡಿಯುವ ಕೈಗಳನ್ನು ಕಳೆದುಕೊಂಡ ಕುಟುಂಬಗಳು ಮುಂದಿನ ವರ್ಷದ ಭರವಸೆಯ ಮೇಲೆ ಇಂದಿನ ಕೂಲಿಯನ್ನು ಒಪ್ಪಲು ಸಿದ್ಧವಿರಲಿಲ್ಲ ಎಂಬುದನ್ನು ಆ ಮುಷ್ಕರದ ಹಿನ್ನೆಲೆಯಿಂದ ಬಿಡಿಸಿ ನೋಡಲಾಗದು.

ಗಿರಣಿಯಿಂದ ಮಗ್ಗದ ಮನೆಗೆ

1963ರಲ್ಲಿ ಹಳೆಯ ಗಿರಣಿ ಮುಚ್ಚಿತು. ಮುಂದಿನ ನಾಲ್ಕು ದಶಕಗಳಲ್ಲಿ ಉಳಿದ ದೊಡ್ಡ ಗಿರಣಿಗಳ ಭೋಂಗಾಗಳೂ ಒಂದೊಂದಾಗಿ ನಿಂತವು. ಅವುಗಳ ಜಾಗವನ್ನು ತುಂಬಿದ್ದು ಸಣ್ಣ ಕಾರ್ಖಾನೆಗಳಲ್ಲಿ, ಎಷ್ಟೋ ಕಡೆ ಮನೆಗೆ ಹೊಂದಿಕೊಂಡ ಚಪ್ಪರಗಳಲ್ಲಿ, ಓಡುವ ವಿದ್ಯುತ್ ಮಗ್ಗಗಳು. ಸೊಲ್ಲಾಪುರ ಚಾದರ ಮತ್ತು ಟೆರ್ರಿ ಟವೆಲುಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಳೆದ ದಶಕದಲ್ಲಿ ಶಾಲಾ ಸಮವಸ್ತ್ರದ ಹೊಲಿಗೆ ಊರಿನ ಹೊಸ ಹೆಮ್ಮೆಯಾಯಿತು. ಪೂರ್ವ ಭಾಗದ ಪೇಟೆಗಳಲ್ಲಿ ಹತ್ತಾರು ಸಾವಿರ ಹೆಣ್ಣುಮಕ್ಕಳು, ಹೆಚ್ಚಿನವರು ತೆಲುಗು ಮನೆಯವರು, ಬೀಡಿ ಸುತ್ತುತ್ತಾರೆ.

ಈ ಬದಲಾವಣೆಯಿಂದ ಸಾಂಕ್ರಾಮಿಕದ ಆರ್ಥಿಕ ಸ್ವರೂಪವೇ ಬದಲಾಯಿತು. ಗಿರಣಿಯ ಮಾಲೀಕ ಮುಂಬಯಿಯಲ್ಲಿದ್ದ. ಒಂದು ವರ್ಷ ಕಾಯುವ ಬಲ ಅವನಿಗಿತ್ತು. ನಾಲ್ಕಾರು ಮಗ್ಗಗಳ ಒಡೆಯ ನೂಲನ್ನು ಉದ್ರಿಯಲ್ಲಿ ತರುತ್ತಾನೆ, ಮಾಲನ್ನು ಉದ್ರಿಯಲ್ಲಿ ಮಾರುತ್ತಾನೆ. ಅವನ ವಾಯಿದೆ ತಿಂಗಳುಗಳಲ್ಲಿದೆ. ಅವನ ಮಗ್ಗದ ಕೆಲಸಗಾರನದು ವಾರದಲ್ಲಿ, ಬೀಡಿ ಕಾರ್ಮಿಕಳದು ದಿನದಲ್ಲಿ. ಭವಿಷ್ಯದ ಅಳತೆಗಳು ಈಗ ಎರಡಲ್ಲ, ಹಲವು; ಎಲ್ಲವೂ ಚಿಕ್ಕವು.

2020: ಮುಂಗಾಣ್ಕೆ ನಿಂತ ದಿನ

2020ರ ಮಾರ್ಚ್ 13ರಂದು ಮಹಾರಾಷ್ಟ್ರ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೊಳಿಸಿತು; ಪ್ಲೇಗಿನ ಕಾಲದ ಅದೇ 1897ರ ಕಾಯಿದೆ. ಮಾರ್ಚ್ 27ರಂದು ಭಾರತೀಯ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮ ಘೋಷಿಸಿತು. ಮುಂದೆ ಅದು ಆಗಸ್ಟ್ 31ರವರೆಗೆ ಬೆಳೆಯಿತು. ಅದೇ ದಿನ ಬ್ಯಾಂಕಿನ ಹಣಕಾಸು ನೀತಿ ಸಮಿತಿಯು ಆ ಆರ್ಥಿಕ ವರ್ಷದ ಬೆಳವಣಿಗೆ ಮತ್ತು ಹಣದುಬ್ಬರದ ಅಂದಾಜುಗಳನ್ನು ಪ್ರಕಟಿಸದೆ ಉಳಿಯಿತು. ಎಲ್ಲವೂ ರೋಗದ ತೀವ್ರತೆ, ಹರವು ಮತ್ತು ಅವಧಿಯನ್ನು ಅವಲಂಬಿಸಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಲೆಕ್ಕ ಹಾಕಬಲ್ಲವರೇ ಲೆಕ್ಕ ಹಾಕಲಾಗದೆಂದು ಒಪ್ಪಿಕೊಂಡ ಗಳಿಗೆ ಅದು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಶೇ. 23.9ರಷ್ಟು ಕುಸಿದಿದೆಯೆಂಬುದು ಮೊದಲ ಅಂದಾಜು.

ಸೊಲ್ಲಾಪುರ ನಗರದಲ್ಲಿ ಏಪ್ರಿಲ್ ನಡುವಿನ ಹೊತ್ತಿಗೆ ಸೋಂಕು ಪತ್ತೆಯಾಯಿತು. ಒತ್ತೊತ್ತಾದ ಪೇಟೆಗಳು ನಿರ್ಬಂಧಿತ ವಲಯಗಳಾದವು. ಸಮವಸ್ತ್ರದ ಉದ್ಯಮದ ಸ್ಥಿತಿ ಈ ಅನಿಶ್ಚಿತತೆಯ ಸ್ಪಷ್ಟ ನಿದರ್ಶನ. ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ನಡುವಿನಲ್ಲಿ. ಅದಕ್ಕೆ ಬೇಕಾದ ಬಟ್ಟೆ ಖರೀದಿ, ಕತ್ತರಿಕೆ, ಹೊಲಿಗೆ ಚಳಿಗಾಲದಿಂದಲೇ ನಡೆಯುತ್ತವೆ. ಅಂದರೆ ಮಾರ್ಚ್ ಕೊನೆಗೆ ಹಣವೆಲ್ಲ ಅರಿವೆಯಾಗಿ ಮಾರ್ಪಟ್ಟಿರುತ್ತದೆ, ಅರಿವೆ ಇನ್ನೂ ಹಣವಾಗಿರುವುದಿಲ್ಲ. ಆ ಜೂನಿನಲ್ಲಿ ಶಾಲೆ ತೆರೆಯಲಿಲ್ಲ. ಮುಂದಿನ ಜೂನಿನಲ್ಲಿಯೂ ತೆರೆಯಲಿಲ್ಲ. 2021ರ ಅಕ್ಟೋಬರ್ 4ರಂದು ಹಳ್ಳಿಗಳಲ್ಲಿ ಐದನೆಯ ತರಗತಿಯಿಂದ, ನಗರಗಳಲ್ಲಿ ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಮಾತ್ರ ರಾಜ್ಯದ ಶಾಲೆಗಳು ತೆರೆದವು. ಸಾಲದ ಕಂತಿಗೆ ಸಿಕ್ಕ ವಿರಾಮ ಆರು ತಿಂಗಳು. ತಪ್ಪಿದ ಹಂಗಾಮುಗಳು ಎರಡು. ಸರ್ಕಾರದ ವಾಯಿದೆಯೂ ವ್ಯಾಪಾರದ ವಾಯಿದೆಯೂ ಒಂದಕ್ಕೊಂದು ಹೊಂದಲಿಲ್ಲ.

ಬೀಡಿ ಕೆಲಸದಲ್ಲಿ ಸಮಸ್ಯೆ ಇನ್ನೂ ನೇರ. ಕಾರ್ಖಾನೆಗೆ ಹೋಗಿ ಎಲೆ, ತಂಬಾಕು ತರಬೇಕು, ಮನೆಯಲ್ಲಿ ಸುತ್ತಿ, ಸಾವಿರದ ಲೆಕ್ಕದಲ್ಲಿ ಒಪ್ಪಿಸಬೇಕು, ಆಮೇಲೆ ಕೂಲಿ. ಓಣಿಯ ಬಾಯಿಗೆ ಬಿದಿರು ಕಟ್ಟಿದ ದಿನವೇ ಈ ಸುತ್ತು ಕಡಿಯಿತು. ರಿಸರ್ವ್ ಬ್ಯಾಂಕಿನ ಔದ್ಯಮಿಕ ಮುನ್ನೋಟ ಸಮೀಕ್ಷೆಯ ವ್ಯಾಪಾರ ನಿರೀಕ್ಷಾ ಸೂಚ್ಯಂಕ ಉತ್ಪಾದನಾ ಕಂಪನಿಗಳನ್ನು ಪ್ರಶ್ನಿಸುತ್ತದೆ. ಮುಂದಿನ ತ್ರೈಮಾಸಿಕ ಹೇಗಿರುತ್ತದೆಂದು ಕೇಳುತ್ತದೆ. ಆ ಪ್ರಶ್ನೆಯನ್ನು ಬೀಡಿ ಕಾರ್ಮಿಕಳಿಗೆ ಕೇಳುವವರಿಲ್ಲ. ಕೇಳಿದರೂ ತ್ರೈಮಾಸಿಕ ಎಂಬುದು ಅವಳ ಕಾಲಮಾನದಲ್ಲಿಲ್ಲ.

2021ರ ಜನವರಿಯಲ್ಲಿ ಸಿದ್ಧರಾಮೇಶ್ವರರ ಸಂಕ್ರಾಂತಿ ಜಾತ್ರೆ ಸೀಮಿತ ಜನರ ಧಾರ್ಮಿಕ ವಿಧಿಗಳಿಗೆ ಇಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ದುಡಿಮೆಗೆ ಗೌರವ ತಂದ ವಚನಕಾರನ ಹೆಸರಿನ ಈ ಜಾತ್ರೆ ವಾರಗಟ್ಟಲೆ ನಡೆಯುವ ಪೇಟೆಯೂ ಹೌದು. ನಂದಿಧ್ವಜಗಳ ಮೆರವಣಿಗೆ ನಿಂತಾಗ ಆಟಿಕೆ, ಬಳೆ, ಭಾಂಡೆಗಳ ಸಂಚಾರಿ ವ್ಯಾಪಾರಿಗಳ ವರ್ಷದ ಲೆಕ್ಕದಲ್ಲಿ ಒಂದು ಪುಟವೇ ಖಾಲಿಯಾಯಿತು.

ಅಕ್ಕಲಕೋಟೆ: ಭಕ್ತಿ, ತೊಗರಿ, ಗಡಿ

ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಕನ್ನಡ ಮಾತಾಡುವ ಹಳ್ಳಿಗಳು ದಟ್ಟವಾಗಿರುವ ಈ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರ ಮಹಾಜನ ಆಯೋಗ ಶಿಫಾರಸು ಮಾಡಿತ್ತು. ಅದು ಮಹಾರಾಷ್ಟ್ರದಲ್ಲಿಯೇ ಉಳಿಯಿತು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಕ್ಷೇತ್ರವಾಗಿ ಊರು ಬೆಳೆದಿದೆ. ಹೂವು, ಹಾರ, ಪೇಢೆ, ಖಾನಾವಳಿ, ವಸತಿಗೃಹ, ರಿಕ್ಷಾ ಎಲ್ಲವೂ ಹೊರಗಿನಿಂದ ಬರುವ ಭಕ್ತರನ್ನು ನೆಚ್ಚಿವೆ. ಗಿರಣಿ ನಿಂತರೆ ದಾಸ್ತಾನಾದರೂ ಉಳಿಯುತ್ತದೆ. ಯಾತ್ರಿಕ ಬಾರದ ದಿನಕ್ಕೆ ದಾಸ್ತಾನು ಎಂಬುದಿಲ್ಲ. ಇಂದು ಮಾರದ ಹಾರವನ್ನು ನಾಳೆ ಮಾರಲಾಗದು. ಇಲ್ಲಿ ಕಳೆದುಹೋದ ಪ್ರತಿ ಗುರುವಾರವೂ ಪೂರ್ತಿಯಾಗಿ ಕಳೆದುಹೋದದ್ದೇ.

ತಾಲೂಕಿನ ಇನ್ನೊಂದು ಆಧಾರ ತೊಗರಿ. ದುಧನಿಯ ಪೇಟೆಯೂ ಗಡಿಯಾಚೆಯ ಕಲಬುರಗಿಯ ಪೇಟೆಯೂ ಒಂದೇ ಸೀಮೆಯ ಎರಡು ತಕ್ಕಡಿಗಳು. ಆಳಂದ, ಅಫಜಲಪುರ, ಇಂಡಿಗಳ ಜೊತೆ ಇಲ್ಲಿನವರಿಗೆ ಹೆಣ್ಣು ಕೊಟ್ಟು ತರುವ ನಂಟಿದೆ, ಆಸ್ಪತ್ರೆಯ ನಂಟಿದೆ, ಉದ್ರಿಯ ನಂಟಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿಯೇ ದಾಖಲಾದ ಕಾರಣ ಗಡಿಯ ಎಚ್ಚರ ಬೇಗ ಬಿಗಿಯಾಯಿತು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿರಾಕರಿಸಿತು. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ–ಪಿಸಿಆರ್ ವರದಿ ಕಡ್ಡಾಯವಾಯಿತು. ನಕ್ಷೆಯಲ್ಲಿ ಮಾತ್ರ ಇದ್ದ ಗೆರೆ ರಸ್ತೆಯ ಮೇಲೆ ಮೂಡಿತು.

ಈ ಗೆರೆಯ ಎರಡೂ ಬದಿಯ ಆದೇಶಗಳ ಭಾಷೆ ಬೇರೆ ಬೇರೆ. ಮುಂಬಯಿಯ ಆದೇಶ ಮರಾಠಿಯಲ್ಲಿ, ಬೆಂಗಳೂರಿನದು ಕನ್ನಡದಲ್ಲಿ, ದೆಹಲಿಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಿರೀಕ್ಷೆ ಕಟ್ಟಿಕೊಳ್ಳುವುದು ಮಾಹಿತಿಯ ಮೇಲೆ. ಯಾವ ಚೆಕ್‌ಪೋಸ್ಟ್ ಎಂದು ತೆರೆಯುತ್ತದೆ, ಯಾವ ಕಾಗದ ಬೇಕು, ಮಾಲಿನ ಗಾಡಿಗೆ ರಿಯಾಯಿತಿ ಇದೆಯೋ ಎಂಬುದನ್ನು ಎರಡೂ ಭಾಷೆಗಳಲ್ಲಿ ಓದಬಲ್ಲ ವರ್ತಕನಿಗೆ ಅನಿಶ್ಚಿತತೆ ಒಂದಿಷ್ಟು ಕಡಿಮೆಯಾಗಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಕನ್ನಡ ಮಾತ್ರ ಬಲ್ಲ ಹಳ್ಳಿಯ ರೈತನಿಗೆ ತನ್ನದೇ ಜಿಲ್ಲಾಡಳಿತದ ಆದೇಶವೂ ಬಾಯಿಮಾತಿನ ಸುದ್ದಿಯಾಗಿಯೇ ತಲುಪುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಯನ್ನು ಶಾಲೆ, ಸಾಹಿತ್ಯ, ಅಸ್ಮಿತೆಗಳ ಚೌಕಟ್ಟಿನಲ್ಲಿಯೇ ಚರ್ಚಿಸುವುದು ರೂಢಿ. ಸಾಂಕ್ರಾಮಿಕ ಕಾಲದಲ್ಲಿ ಅದು ಪೇಟೆಯ ಪ್ರಶ್ನೆಯೂ ಆಗುತ್ತದೆ: ಯಾರಿಗೆ ನಾಳೆಯನ್ನು ಓದಲು ಬರುತ್ತದೆ ಎಂಬ ಪ್ರಶ್ನೆ.

ಕಾಯಬಲ್ಲವರು, ಕಾಯಲಾಗದವರು

ಮೂರು ಸಾಂಕ್ರಾಮಿಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕ್ರಮ ಕಾಣುತ್ತದೆ. ಅನಿಶ್ಚಿತತೆ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಉದ್ದದ ವಾಯಿದೆ ಇರುವವರಿಂದ ಗಿಡ್ಡ ವಾಯಿದೆ ಇರುವವರ ಕಡೆಗೆ ಅದು ಹರಿಯುತ್ತದೆ. ಪ್ಲೇಗಿನಲ್ಲಿ ಮುಂಬಯಿಯ ಕೂಲಿಕಾರರು ದಿನದ ದುಡ್ಡನ್ನು ದಿನವೇ ಕೇಳಿ ಈ ಹರಿವನ್ನು ಕ್ಷಣಕಾಲ ತಡೆದರು. 1918ರಲ್ಲಿ ಸೊಲ್ಲಾಪುರದ ಕಾರ್ಮಿಕರಿಗೆ ಅದಕ್ಕೆ ಮುಷ್ಕರದವರೆಗೆ ಕಾಯಬೇಕಾಯಿತು. 2020ರಲ್ಲಿ ಎದುರಿಗೆ ನಿಂತು ಕೇಳಬೇಕಾದ ಗಿರಣಿಯೇ ಇರಲಿಲ್ಲ. ಕೇಳುವವನೂ ಕೊಡಬೇಕಾದವನೂ ಒಂದೇ ಓಣಿಯ ಸಾಲಗಾರರಾಗಿದ್ದರು.

ಪರಿಹಾರ ಕ್ರಮಗಳ ವಿಮರ್ಶೆಗೆ ಇದರಿಂದ ಒಂದು ಅಳತೆಗೋಲು ದೊರೆಯುತ್ತದೆ. ಎಷ್ಟು ಹಣ ಕೊಡಲಾಯಿತು ಎಂಬುದರ ಜೊತೆಗೆ, ಯಾವ ದಿನದವರೆಗೆ ಎಂಬುದನ್ನೂ ಕೇಳಬೇಕು. ಸಮವಸ್ತ್ರದ ವ್ಯಾಪಾರಿಗೆ ಕಂತಿನ ವಿರಾಮ ಶಾಲೆ ತೆರೆಯುವ ದಿನಕ್ಕೆ ಕಟ್ಟಿಕೊಂಡಿರಬೇಕಿತ್ತು, ಆಗಸ್ಟ್ 31ಕ್ಕಲ್ಲ. ಅಕ್ಕಲಕೋಟೆಯ ಹಾರದಂಗಡಿಗೆ ಮುಖ್ಯವಾದದ್ದು ತ್ರೈಮಾಸಿಕವಲ್ಲ, ಗುರುವಾರ. ದೇವಸ್ಥಾನದ ಬಾಗಿಲು ತೆರೆಯಲು ಪಾಡ್ಯವನ್ನು ಆರಿಸಿಕೊಂಡ ಆಡಳಿತ ಈ ತಿಳಿವಳಿಕೆಯನ್ನು ಎರಡು ಬಾರಿ ತೋರಿತು. ಸಾಲದ ಖಾತೆ ಬರೆಯುವಾಗ ಅದೇ ಪಂಚಾಂಗವನ್ನು ಯಾರೂ ತೆರೆಯಲಿಲ್ಲ.